ತೋಟಗಾರಿಕೆಯ ಮಹನೀಯರು: ಗುಸ್ತಾವ್ ಹರ್ಮನ್ ಕೃಂಬಿಗಲ್ (1865–1956)

ಪೀಠಿಕೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳು ರಾಜ್ಯದ ಅತ್ಯಂತ ಒಣ ಪ್ರದೇಶಗಳ ಸಾಲಿನಲ್ಲಿ ಬರುತ್ತವೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಅದರ ಹೆಚ್ಚಿನ ಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿಯೇ ಸುರಿದು ಮುಗಿಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಇಂತಹ ಸೀಮೆಯಲ್ಲಿ ಮನೆಯಂಗಳ, ಶಾಲಾ ಆವರಣ, ದೇವಸ್ಥಾನದ ಪ್ರಾಂಗಣ ಹಾಗೂ ರಸ್ತೆಬದಿಗಳಲ್ಲಿ ಅಲಂಕಾರಿಕ ಗಿಡಗಳನ್ನು ಬೆಳೆಸಲು ಸಾಧ್ಯವೇ, ಸಾಧ್ಯವಾದರೂ ಕುಡಿಯುವ ನೀರಿಗೇ ತತ್ವಾರವಿರುವ ಊರುಗಳಲ್ಲಿ ಅದು ಯುಕ್ತವೇ ಎಂಬ ಸಂದೇಹವು ಸಸಿಗಳನ್ನು ಪಡೆಯಲಿಚ್ಛಿಸುವ ಸಾರ್ವಜನಿಕರಲ್ಲಿ ಮೂಡುವುದು ಸಹಜ.

ಈ ಸಂದೇಹಕ್ಕೆ ಉತ್ತರವು ಕರ್ನಾಟಕದ ತೋಟಗಾರಿಕೆಯ ಚರಿತ್ರೆಯಲ್ಲಿಯೇ ಇದೆ. ಶೀತದೇಶದಲ್ಲಿ ಹುಟ್ಟಿ, ಹೂಪಾತಿಗಳ ಕುಶಲಕಲೆಯನ್ನು ಕಲಿತು, ಬಳಿಕ ಬಿಸಿಲನಾಡಿಗೆ ಬಂದು ಹೂದೋಟದ ಭಾರವನ್ನು ಪಾತಿಗಳಿಂದ ಮರಗಳಿಗೆ ವರ್ಗಾಯಿಸಿದ ಕೃಂಬಿಗಲ್ ಅವರ ಜೀವನವನ್ನು ಆ ಕಾರಣದಿಂದ ಇಲ್ಲಿ ಸಂಗ್ರಹವಾಗಿ ನೀಡಲಾಗಿದೆ.

ಜನನ ಮತ್ತು ಶಿಕ್ಷಣ

ಕೃಂಬಿಗಲ್ ಅವರು 1865ರ ಡಿಸೆಂಬರ್ 18ರಂದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಡ್ರೆಸ್ಡೆನ್ ನಗರದ ಸಮೀಪದ ಲೋಮೆನ್ ಎಂಬಲ್ಲಿ ಜನಿಸಿದರು. ಅದೇ ಪ್ರದೇಶದ ಪಿಲ್ನಿಟ್ಸ್‌ನಲ್ಲಿ ಅವರು ಉದ್ಯಾನಕಲೆಯ ತರಬೇತಿಯನ್ನು ಪಡೆದರು. ಪಿಲ್ನಿಟ್ಸ್ ಅರಮನೆಯ ಉದ್ಯಾನದಲ್ಲಿ ಇನ್ನೂರು ವರ್ಷಗಳಿಗೂ ಹಳೆಯದಾದ ಕೆಮೀಲಿಯಾ ಮರವೊಂದಿದ್ದು, ಅದನ್ನು ಹಿಮದಿಂದ ಕಾಪಾಡಲು ಚಳಿಗಾಲ ಬಂದೊಡನೆ ಅದರ ಸುತ್ತ ಮನೆಯನ್ನೇ ನಿಲ್ಲಿಸುವ ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿದೆ. ಗಿಡವನ್ನು ಋತುವಿನಿಂದ ರಕ್ಷಿಸುವುದೇ ಅಲ್ಲಿಯ ತೋಟಗಾರನ ಮುಖ್ಯ ಕಸುಬು. ಇಂತಹ ಪರಿಸರದಲ್ಲಿ ಕೃಂಬಿಗಲ್ ಅವರ ವಿದ್ಯಾಭ್ಯಾಸ ನಡೆಯಿತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಅವರ ಮುಂದಿನ ಕಾರ್ಯದ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ.

ಜರ್ಮನಿಯಲ್ಲಿ ಕೆಲಕಾಲ ಕೆಲಸ ಮಾಡಿದ ನಂತರ ಅವರು ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಹೂಪಾತಿಗಳನ್ನು ವಿನ್ಯಾಸಗೊಳಿಸುವ ಕೆಲಸದಲ್ಲಿ ತೊಡಗಿದರು. ಅಂದಿನ ಇಂಗ್ಲೆಂಡಿನಲ್ಲಿ ಪಾತಿಗಳನ್ನು ರತ್ನಗಂಬಳಿಯಂತೆ ಬಣ್ಣಬಣ್ಣದ ಗಿಡಗಳಿಂದ ತುಂಬುವುದು ಬಹು ಜನಪ್ರಿಯವಾಗಿತ್ತು. ಗಾಜಿನ ಮನೆಯಲ್ಲಿ ಸಾವಿರಾರು ಸಸಿಗಳನ್ನು ಬೆಳೆಸಿ, ಹೂಬಿಡುವ ವೇಳೆಗೆ ಪಾತಿಗೆ ತಂದು ನೆಟ್ಟು, ಹೂವು ಬಾಡಿದೊಡನೆ ಕಿತ್ತು ಬೇರೆ ಸಸಿಗಳನ್ನು ನೆಡುವ ಈ ಪದ್ಧತಿಗೆ ಕೂಲಿ, ಗೊಬ್ಬರ ಮತ್ತು ನೀರು ಮೂರೂ ಧಾರಾಳವಾಗಿ ಬೇಕು. ಅಲ್ಲಿಂದ ಮುಂದೆ ಅವರು ಕ್ಯೂನಲ್ಲಿರುವ ರಾಯಲ್ ಬೊಟಾನಿಕ್ ಗಾರ್ಡನ್ಸ್ ಸೇರಿದರು. ಜಗತ್ತಿನ ಎಲ್ಲ ಭಾಗಗಳ ಸಸ್ಯಗಳು ಬಂದು ಸೇರುತ್ತಿದ್ದ ಆ ಸಂಸ್ಥೆಯಲ್ಲಿ ಉಷ್ಣವಲಯದ ಗಿಡಮರಗಳ ಪರಿಚಯ ಅವರಿಗೆ ದೊರೆಯಿತು.

ಬರೋಡಾದಲ್ಲಿ ಸೇವೆ

1893ರಲ್ಲಿ ಕೃಂಬಿಗಲ್ ಅವರು ಭಾರತಕ್ಕೆ ಬಂದು, ಬರೋಡಾ ಸಂಸ್ಥಾನದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡ ಅವರ ಆಡಳಿತದಲ್ಲಿ ಸಂಸ್ಥಾನದ ಸಸ್ಯೋದ್ಯಾನಗಳ ಕ್ಯುರೇಟರ್ ಆಗಿ ನೇಮಕಗೊಂಡರು. ಆಗ ಅವರಿಗೆ 27 ವರ್ಷ ವಯಸ್ಸು. ಸುಮಾರು ಒಂದೂವರೆ ದಶಕದ ಕಾಲ ಅವರು ಅಲ್ಲಿದ್ದರು.

ಅವರ ಜೀವನಚರಿತ್ರೆಯನ್ನು ಬರೆಯುವವರು ಬೆಂಗಳೂರಿಗೆ ಬೇಗ ತಲುಪುವ ಆತುರದಲ್ಲಿ ಬರೋಡಾದ ಅವಧಿಯನ್ನು ಎರಡು ವಾಕ್ಯಗಳಲ್ಲಿ ಮುಗಿಸುವುದುಂಟು. ವಿಜಯಪುರ ಜಿಲ್ಲೆಯ ಓದುಗರಿಗಾದರೋ ಈ ಅವಧಿಯೇ ಹೆಚ್ಚು ಪ್ರಸ್ತುತ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ತಂಪಾದ ನಗರ. ಬರೋಡಾ ಹಾಗಲ್ಲ. ಅಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಮೀರುತ್ತದೆ. ಮಳೆ ನಮ್ಮ ಭಾಗಕ್ಕಿಂತ ಹೆಚ್ಚಾದರೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದುಹೋಗುತ್ತದೆ. ಉಳಿದ ಎಂಟು ತಿಂಗಳು ನೆಲ ಒಣಗಿರುತ್ತದೆ. ಹೈಡ್ ಪಾರ್ಕ್‌ನ ಪಾತಿ ಪದ್ಧತಿಯನ್ನು ಇಂತಹ ಕಡೆ ವರ್ಷವಿಡೀ ನಡೆಸಬೇಕಾದರೆ ಬಾವಿಗಳು ಬರಿದಾಗುತ್ತವೆ. ಇಂಗ್ಲೆಂಡಿನಲ್ಲಿ ಬೇಸಿಗೆಯ ಹೂಗಳೆನಿಸಿದವು ಇಲ್ಲಿ ಚಳಿಗಾಲದ ಹೂಗಳಾಗುತ್ತವೆ. ಮಾರ್ಚ್ ಬಂತೆಂದರೆ ಅವು ಸುಟ್ಟುಹೋಗುತ್ತವೆ. ಅದೇ ಮಾರ್ಚ್‌ನಲ್ಲಿ ಯಾರೂ ನೀರೆರೆಯದ ಮುತ್ತುಗದ ಮರವು ಎಲೆಯುದುರಿಸಿ, ಮೈತುಂಬ ಕೆಂಪು ಹೂವು ತಳೆದು ನಿಂತಿರುತ್ತದೆ.

ಮೈಸೂರು ಸಂಸ್ಥಾನದಲ್ಲಿ ಸೇವೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆಯಲ್ಲಿ, 1908ರಲ್ಲಿ, ಕೃಂಬಿಗಲ್ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಬೆಂಗಳೂರಿನ ಲಾಲ್‌ಬಾಗ್‌ನ ಹೊಣೆಯನ್ನು ವಹಿಸಿಕೊಂಡರು. ಹೈದರ್ ಅಲಿಯ ಕಾಲದಲ್ಲಿ, 1760ರಲ್ಲಿ, ಆರಂಭವಾದ ಈ ತೋಟವನ್ನು ಅವರಿಗೆ ಹಿಂದೆ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್ ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ಬೆಳೆಸಿದ್ದರು. ಅಲ್ಲಿಯ ಗಾಜಿನ ಮನೆಯೂ ಕ್ಯಾಮರಾನ್ ಅವರ ಅವಧಿಯದು. ಆದುದರಿಂದ ಲಾಲ್‌ಬಾಗ್‌ನ ಸಕಲ ಸೊಬಗನ್ನೂ ಕೃಂಬಿಗಲ್ ಅವರೊಬ್ಬರಿಗೇ ಸಲ್ಲಿಸುವುದು ಸರಿಯಾಗಲಾರದು. ಅವರ ಹೆಚ್ಚುಗಾರಿಕೆಯಿರುವುದು ತೋಟವನ್ನು ಗೋಡೆಯಿಂದಾಚೆಗೆ, ಊರಿನ ಬೀದಿಗಳಿಗೆ ಕೊಂಡೊಯ್ದುದರಲ್ಲಿ.

ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದರಂತೆ ಹೂಬಿಡುವ ಮರಗಳನ್ನು ಆಯ್ದು ನೆಡುವ ಪದ್ಧತಿಯು ಕೃಂಬಿಗಲ್ ಅವರ ಹೆಸರಿನೊಡನೆ ಸೇರಿಕೊಂಡಿದೆ. ಒಂದು ಜಾತಿಯ ಮರದ ಹೂವು ಉದುರುವ ವೇಳೆಗೆ ಇನ್ನೊಂದು ಜಾತಿಯ ಮರ ಅರಳಬೇಕು. ಹೀಗೆ ವರ್ಷದ ಯಾವ ತಿಂಗಳೂ ಹೂವಿಲ್ಲದೆ ಕಳೆಯಬಾರದು ಎಂಬುದು ಇದರ ತಿರುಳು. ದಕ್ಷಿಣ ಅಮೆರಿಕದಿಂದ ಬಂದ ಜಕರಾಂಡ ಮತ್ತು ಟಬೂಬಿಯಾ, ಮಡಗಾಸ್ಕರ್ ದ್ವೀಪದ ಗುಲ್‌ಮೊಹರ್, ನಮ್ಮದೇ ನೆಲದ ಕಕ್ಕೆ ಮತ್ತು ಹೊಳೆದಾಸವಾಳ ಇವೆಲ್ಲವೂ ಆ ನಗರದ ಸಾಲುಮರಗಳಾಗಿ ನಿಂತವು. ಇವುಗಳಲ್ಲಿ ಕೆಲವು ಕೃಂಬಿಗಲ್ ಅವರಿಗಿಂತ ಮೊದಲೇ ಭಾರತಕ್ಕೆ ಬಂದಿದ್ದವು. ಅವರ ನಂತರದ ಅಧಿಕಾರಿಗಳೂ ಈ ಕಾರ್ಯವನ್ನು ಮುಂದುವರಿಸಿದರು. ಮರದ ಹೂವನ್ನು ಪಂಚಾಂಗದಂತೆ ಓದಿ ನಗರವನ್ನು ರೂಪಿಸುವ ದೃಷ್ಟಿಯಾದರೋ ಅವರ ಕಾಲದಲ್ಲಿ ಗಟ್ಟಿಯಾಗಿ ನೆಲೆಯೂರಿತು.

ಈ ಪದ್ಧತಿಯ ಅನುಕೂಲವು ಸೊಬಗಿಗಷ್ಟೇ ಸೀಮಿತವಲ್ಲ. ಪಾತಿಯ ಗಿಡಕ್ಕೆ ಆಯುಷ್ಯವಿರುವವರೆಗೂ ನೀರೆರೆಯಬೇಕು. ಮರಕ್ಕೆ ಮೊದಲ ಎರಡು ಅಥವಾ ಮೂರು ಬೇಸಿಗೆಗಳನ್ನು ದಾಟಿಸಿದರೆ ಸಾಕು. ಬೇರು ಆಳಕ್ಕಿಳಿದ ಮೇಲೆ ಅದು ತನ್ನ ನೀರನ್ನು ತಾನೇ ಹುಡುಕಿಕೊಂಡು ಹಲವು ದಶಕಗಳ ಕಾಲ ಹೂವನ್ನೂ ನೆರಳನ್ನೂ ಕೊಡುತ್ತದೆ.

1912ರಲ್ಲಿ ಮೈಸೂರು ತೋಟಗಾರಿಕಾ ಸಂಘವು ಸ್ಥಾಪನೆಯಾಯಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ಲಾಲ್‌ಬಾಗ್‌ನಲ್ಲಿ ನಡೆಯುತ್ತಿರುವ ಫಲಪುಷ್ಪ ಪ್ರದರ್ಶನಗಳೊಡನೆ ಈ ಸಂಘದ ಹೆಸರು ಬೆಸೆದುಕೊಂಡಿದೆ. ಹೊರದೇಶಗಳ ಸಸ್ಯೋದ್ಯಾನಗಳೊಡನೆ ಬೀಜ ಮತ್ತು ಸಸಿಗಳ ವಿನಿಮಯ, ತೋಟಗಾರಿಕೆಯ ತರಬೇತಿ, ಸಾರ್ವಜನಿಕ ಕಟ್ಟಡಗಳ ಆವರಣದ ವಿನ್ಯಾಸ ಮುಂತಾದ ಕಾರ್ಯಗಳಲ್ಲಿಯೂ ಕೃಂಬಿಗಲ್ ಅವರು ತೊಡಗಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ರಚನೆಯಲ್ಲಿ ಅವರ ಪಾತ್ರವಿತ್ತು. ಅಣೆಕಟ್ಟಿನ ಬುಡದಲ್ಲಿ ಉದ್ಯಾನವನ್ನು ನಿರ್ಮಿಸಿ ಜನರನ್ನು ಆಕರ್ಷಿಸುವ ಆ ಮಾದರಿಯು ನಮ್ಮ ಭಾಗಕ್ಕೂ ಅಪರಿಚಿತವಲ್ಲ. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯಲ್ಲಿ, ಕೃಷ್ಣಾ ನದಿಯ ಅಣೆಕಟ್ಟಿನ ಬಳಿ, ಇಂತಹುದೇ ಉದ್ಯಾನಗಳಿವೆ. ಜಲಾಶಯದ ನೀರು ಕೈಗೆಟಕುವ ಸ್ಥಳಕ್ಕೆ ಸಲ್ಲುವ ಈ ಮಾದರಿಯನ್ನು ಕೊಳವೆಬಾವಿಯನ್ನೇ ನಂಬಿರುವ ಹಳ್ಳಿಯ ಶಾಲೆಯ ಅಂಗಳದಲ್ಲಿ ಅನುಸರಿಸಲಾಗದು ಎಂಬುದನ್ನು ಮಾತ್ರ ಗಮನಿಸಬೇಕು.

1932ರಲ್ಲಿ ಕೃಂಬಿಗಲ್ ಅವರು ನಿವೃತ್ತರಾದರು. ಅವರ ಸ್ಥಾನಕ್ಕೆ ಎಚ್. ಸಿ. ಜವರಾಯ ಅವರು ಬಂದರು.

ವಿಜಯಪುರ ಜಿಲ್ಲೆಯ ಋತುಮಾನಕ್ಕೆ ಈ ಪದ್ಧತಿಯ ಅನ್ವಯ

ಒಣನಾಡಿನ ಉದ್ಯಾನವು ಈ ಜಿಲ್ಲೆಗೆ ಹೊಸದಲ್ಲ. ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಸಿಗುವ ಕುಮಟಗಿಯಲ್ಲಿ ಆದಿಲ್‌ಶಾಹಿ ಅರಸರ ಕಾಲದ ಜಲಮಂಟಪಗಳನ್ನು ಇಂದಿಗೂ ಕಾಣಬಹುದು. ಅವುಗಳ ಸೊಬಗಿಗೆ ಪಕ್ಕದ ಕೆರೆಯೇ ಆಧಾರವಾಗಿತ್ತು. ಅರಸರ ವಿಹಾರಸ್ಥಾನಕ್ಕೆ ಕೆರೆ ಒದಗಿತು. ಜನಸಾಮಾನ್ಯರ ಅಂಗಳಕ್ಕೆ ನೀರನ್ನು ಹೆಚ್ಚು ಬೇಡದ ಮರಗಳೇ ಗತಿ.

ಬೆಂಗಳೂರಿನ ಮರಗಳ ಪಟ್ಟಿಯನ್ನು ಹಾಗೆಯೇ ತಂದು ಇಂಡಿಯ ಎರೆಭೂಮಿಯಲ್ಲಿ ನೆಟ್ಟರೆ ನಿರಾಸೆಯಾಗುವುದು ಖಚಿತ. ಜಕರಾಂಡಕ್ಕೆ ನೀರು ಬಸಿದುಹೋಗುವ ಮಣ್ಣು ಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಡೋಣಿ ನದಿಯ ಆಸುಪಾಸಿನಲ್ಲಿ ಇದರ ಜೊತೆಗೆ ಸವುಳಿನ ತೊಂದರೆಯೂ ಇದೆ. ಆದುದರಿಂದ ಕೃಂಬಿಗಲ್ ಅವರ ಪಟ್ಟಿಗಿಂತ ಅವರ ಕ್ರಮವನ್ನು ಅನುಸರಿಸುವುದು ಮೇಲು: ಈ ನೆಲದಲ್ಲಿ ತಾನಾಗಿ ನಿಲ್ಲುವ ಮರಗಳಾವುವು, ಅವು ಯಾವ ತಿಂಗಳಲ್ಲಿ ಹೂಬಿಡುತ್ತವೆ ಎಂಬುದನ್ನು ನೋಡಿ, ಆ ಸಾಲನ್ನು ಜೋಡಿಸಿಕೊಳ್ಳುವುದು.

ಹಾಗೆ ನೋಡಿದಾಗ ನಮ್ಮ ಭಾಗದ ಹೂವಿನ ವರ್ಷವು ಬೇಸಿಗೆಯಲ್ಲೇ ಏರುಮುಖವಾಗುತ್ತದೆ. ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಮುತ್ತುಗ ಹಾಗೂ ಹಾಲುವಾಣ ಅರಳುತ್ತವೆ. ಅವುಗಳ ಹಿಂದೆಯೇ ಬೇವು ಮತ್ತು ಹೊಂಗೆ ಚಿಗುರಿ ಹೂಬಿಡುತ್ತವೆ. ಇವೆರಡರ ಹೂವು ಕಣ್ಣಿಗೆ ಸಾಧಾರಣವಾದರೂ ಉರಿಬಿಸಿಲಿನಲ್ಲಿ ಇವುಗಳಷ್ಟು ತಂಪಾದ ನೆರಳು ಬೇರೆಯಿಲ್ಲ, ಹೊಂಗೆಯು ಸವುಳನ್ನೂ ಸಾಕಷ್ಟು ತಾಳಿಕೊಳ್ಳುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಕ್ಕೆಯ ಹಳದಿ ಗೊಂಚಲುಗಳೂ ಗುಲ್‌ಮೊಹರ್‌ನ ಕೆಂಪೂ ಪೆಲ್ಟೋಫೋರಂ ಮರದ ಬಂಗಾರದ ಬಣ್ಣವೂ ಒಟ್ಟಿಗೇ ಕಾಣುತ್ತವೆ. ಇಂತಹ ಬಹುತೇಕ ಮರಗಳು ಬೇಸಿಗೆಯಲ್ಲಿ ಎಲೆಯುದುರಿಸಿ ನೀರಿನ ವೆಚ್ಚವನ್ನು ತಗ್ಗಿಸಿಕೊಂಡು, ಬರಿದಾದ ಕೊಂಬೆಗಳಲ್ಲಿ ಹೂವನ್ನು ತೆರೆದಿಡುತ್ತವೆ. ಎಲೆಯ ಮರೆ ಇಲ್ಲದಿರುವುದರಿಂದ ಹಕ್ಕಿ ಹಾಗೂ ಜೇನುಹುಳುಗಳಿಗೆ ದೂರದಿಂದಲೇ ಕಾಣಿಸುತ್ತವೆ. ಗುಲ್‌ಮೊಹರ್‌ನ ಬೇರು ಮೇಲ್ಪದರದಲ್ಲಿ ಹರಡುವುದರಿಂದಲೂ, ಅಡ್ಡಮಳೆಯ ಬಿರುಗಾಳಿಗೆ ಅದರ ಕೊಂಬೆಗಳು ಮುರಿಯುವುದರಿಂದಲೂ ಮನೆಯ ಗೋಡೆ ಹಾಗೂ ವಿದ್ಯುತ್ ತಂತಿಗಳಿಂದ ದೂರದಲ್ಲಿ ನೆಡತಕ್ಕದ್ದು.

ಮನೆಯಂಗಳ ಚಿಕ್ಕದಾಗಿದ್ದಲ್ಲಿ ದುಂಡುಮಲ್ಲಿಗೆ, ಕಣಗಿಲೆ, ದೇವಕಣಗಿಲೆ ಮತ್ತು ಕಾಗದದ ಹೂವು ಬೇಸಿಗೆಯನ್ನು ತುಂಬುತ್ತವೆ. ಕಾಗದದ ಹೂವಿನ ಬಳ್ಳಿಗೆ ಪ್ರೀತಿಯಿಂದ ದಿನವೂ ನೀರೆರೆಯುವವರು ಎಲೆಯನ್ನಷ್ಟೇ ಕಾಣುತ್ತಾರೆ. ನೀರು ತಡೆದಾಗಲೇ ಅದು ಹೂವಿಗೆ ತಿರುಗುತ್ತದೆ. ಕಣಗಿಲೆಯ ಎಲ್ಲ ಭಾಗಗಳೂ ವಿಷಕಾರಿಯಾದುದರಿಂದ ಮಕ್ಕಳು ಆಡುವ ಮತ್ತು ದನಕರುಗಳನ್ನು ಕಟ್ಟುವ ಸ್ಥಳದಲ್ಲಿ ಅದನ್ನು ನೆಡಬಾರದು.

ಮುಂಗಾರಿನ ಆರಂಭದಲ್ಲಿ ಸುಗಂಧರಾಜ, ನಿತ್ಯಪುಷ್ಪ ಮತ್ತು ದಾಸವಾಳ ಚೇತರಿಸಿಕೊಳ್ಳುತ್ತವೆ. ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್‌ನ ಉತ್ತರಾ ಮತ್ತು ಹಸ್ತ ಮಳೆಗಳದೇ ದೊಡ್ಡ ಪಾಲು. ಬಿಳಿಜೋಳದ ರೈತ ಯಾವ ಹಸಿಯನ್ನು ನೆಚ್ಚಿ ಬಿತ್ತುತ್ತಾನೆಯೋ ಅದೇ ಹಸಿಯಲ್ಲಿ ಚಳಿಗಾಲದ ಹೂದೋಟವೂ ನಡೆಯುತ್ತದೆ. ದಸರಾ ಮತ್ತು ದೀಪಾವಳಿಗೆ ಬೇಕಾದ ಚೆಂಡುಹೂವಿನ ಸಸಿಗಳನ್ನು ಜುಲೈ ಮತ್ತು ಆಗಸ್ಟ್‌ನಲ್ಲಿಯೇ ನಾಟಿ ಮಾಡಿರಬೇಕು. ಸೇವಂತಿಗೆಯು ಹಗಲು ಕಿರಿದಾದಂತೆ ಮೊಗ್ಗು ಕಟ್ಟುವುದರಿಂದ ಅದರ ಕಾಲ ಚಳಿಗಾಲವೇ. ಅಕ್ಟೋಬರ್ ಬಳಿಕ ಆಕಾಶಮಲ್ಲಿಗೆಯ ಮರದ ಬಿಳಿ ಹೂಗಳು ಬೆಳಗಿನ ಜಾವ ನೆಲವನ್ನು ಮುಚ್ಚುತ್ತವೆ. ಹೈಡ್ ಪಾರ್ಕ್ ಮಾದರಿಯ ಪಾತಿಗಳನ್ನು ಬಯಸುವವರು ಕ್ಯಾಲೆಂಡುಲಾ, ಡಯಾಂತಸ್, ಪೆಟೂನಿಯಾಗಳನ್ನು ಸೆಪ್ಟೆಂಬರ್ ಕೊನೆಯಿಂದ ಬಿತ್ತಿ, ನವೆಂಬರ್‌ನಿಂದ ಫೆಬ್ರವರಿಯವರೆಗೆ ಹೂವು ಪಡೆಯಬಹುದು. ಮಾರ್ಚ್‌ನಲ್ಲಿ ಅವುಗಳನ್ನು ಉಳಿಸಿಕೊಳ್ಳಲು ನೀರು ಸುರಿಯುವುದು ವ್ಯರ್ಥ. ಟ್ಯಾಂಕರ್‌ನಲ್ಲಿ ಕುಡಿಯುವ ನೀರು ತರಿಸುವ ಊರುಗಳಲ್ಲಿ ಹುಲ್ಲುಹಾಸನ್ನು ಮಾಡದಿರುವುದೇ ಒಳಿತು.

ಸಸಿ ನೆಡುವ ಕ್ರಮದಲ್ಲಿ ಎರಡು ಅಂಶಗಳು ಮುಖ್ಯ. ಏಪ್ರಿಲ್ ಅಥವಾ ಮೇ ತಿಂಗಳಲ್ಲೇ ಉದ್ದ, ಅಗಲ, ಆಳ ತಲಾ ಎರಡು ಅಡಿಯ ಗುಂಡಿ ತೆಗೆದು ಬಿಸಿಲಿಗೆ ಬಿಡಬೇಕು; ಎರೆಭೂಮಿಯಾದಲ್ಲಿ ಮಸಾರಿ ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರವನ್ನು ಸೇರಿಸಿ ತುಂಬಬೇಕು. ಜೂನ್‌ನಲ್ಲಿ ಹದವಾದ ಮಳೆಯಾದ ಮೇಲೆ ನೆಟ್ಟ ಸಸಿಯ ಪಕ್ಕದಲ್ಲಿ, ತಳದಲ್ಲಿ ಸಣ್ಣ ರಂಧ್ರವಿರುವ ಮಣ್ಣಿನ ಗಡಿಗೆಯನ್ನು ಹೂತು, ಅದಕ್ಕೆ ಬತ್ತಿಯಿಟ್ಟು ನೀರು ತುಂಬಿಸಿದರೆ ಮೊದಲ ಬೇಸಿಗೆಯನ್ನು ಕೆಲವೇ ಕೊಡ ನೀರಿನಲ್ಲಿ ದಾಟಿಸಬಹುದು. ಬುಡಕ್ಕೆ ಜೋಳದ ದಂಟು ಅಥವಾ ಒಣ ಎಲೆಗಳನ್ನು ಹೊದಿಸಿದರೆ ಮಣ್ಣಿನ ಬಿರುಕೂ ಕಡಿಮೆಯಾಗುತ್ತದೆ.

ಕೊನೆಯ ದಿನಗಳು

ನಿವೃತ್ತಿಯ ನಂತರ ಕೃಂಬಿಗಲ್ ಅವರು ಸ್ವದೇಶಕ್ಕೆ ಮರಳದೆ ಬೆಂಗಳೂರಿನಲ್ಲಿಯೇ ನೆಲೆಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಇಂಡಿಯಾದಲ್ಲಿದ್ದ ಇತರ ಜರ್ಮನ್ನರಂತೆ ಅವರೂ ಬಂಧನಕ್ಕೆ ಒಳಗಾಗಬೇಕಾಯಿತು. ಆಗ ಅವರು ಎಪ್ಪತ್ತು ವರ್ಷ ದಾಟಿದವರು. ಈ ದೇಶಕ್ಕೆ ಬಂದು ಸುಮಾರು ಅರ್ಧ ಶತಮಾನವೇ ಆಗಿತ್ತು. ಅವರು ಶತ್ರುದೇಶದವರೆಂದು ಲೆಕ್ಕಕ್ಕೆ ಸೇರಿದ ಆ ವರ್ಷಗಳಲ್ಲಿಯೂ ಅವರ ಕಾಲದ ಸಾಲುಮರಗಳು ಬೆಂಗಳೂರಿನ ಬೀದಿಗಳಲ್ಲಿ ಎಂದಿನಂತೆ ಹೂಬಿಡುತ್ತಿದ್ದವು. ಯುದ್ಧ ಮುಗಿದ ಮೇಲೂ, ಭಾರತ ಸ್ವತಂತ್ರವಾದ ಮೇಲೂ ಅವರು ಇಲ್ಲಿಯೇ ಉಳಿದರು.

1956ರ ಫೆಬ್ರವರಿ 8ರಂದು, ತಮ್ಮ 90ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗ್‌ನ ಪಕ್ಕದ ರಸ್ತೆಯೊಂದಕ್ಕೆ ಅವರ ಹೆಸರನ್ನಿಡಲಾಗಿದೆ.

ಕೃಂಬಿಗಲ್ ಅವರು ಸೇವೆಯಲ್ಲಿದ್ದ ಕಾಲದಲ್ಲಿ ವಿಜಯಪುರ ಜಿಲ್ಲೆಯು ಬಿಜಾಪುರವೆಂಬ ಹೆಸರಿನಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ಸಂಸ್ಥಾನದ ತೋಟಗಾರಿಕೆಯ ವ್ಯಾಪ್ತಿ ಇಲ್ಲಿಯವರೆಗೆ ಇರಲಿಲ್ಲ. ಅವರು ನಿಧನರಾದ ಅದೇ ವರ್ಷದ ನವೆಂಬರ್ 1ರಂದು ಈ ಜಿಲ್ಲೆಯು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ರಚನೆಯಾಗಿ ಡಾ. ಎಂ. ಎಚ್. ಮರಿಗೌಡ ಅವರು ನಿರ್ದೇಶಕರಾದ ಬಳಿಕ ಒಣಭೂಮಿ ತೋಟಗಾರಿಕೆಗೆ ಒತ್ತು ದೊರೆತು, ಇಲಾಖೆಯ ತೋಟಗಳು ಹಾಗೂ ಸಸ್ಯಕ್ಷೇತ್ರಗಳು ರಾಜ್ಯದ ಜಿಲ್ಲೆ ಜಿಲ್ಲೆಗೂ ಹರಡಿದವು. ಇಂಡಿಯ ಲಿಂಬೆ ಇಂದು ನಾಡಿನಾದ್ಯಂತ ಹೆಸರಾಗಿದ್ದರೂ, ಈ ತಾಲ್ಲೂಕುಗಳಲ್ಲಿ ಅಲಂಕಾರಿಕ ಮರಗಳಿಗೆ ದೊರೆತಿರುವ ಗಮನ ಇನ್ನೂ ಕಡಿಮೆಯೇ.

ಶಾಲೆ, ಗ್ರಾಮ ಪಂಚಾಯಿತಿ, ದೇವಸ್ಥಾನ ಸಮಿತಿ ಹಾಗೂ ಖಾಸಗಿ ಮನೆಗಳ ಆವರಣಕ್ಕೆ ಸಸಿಗಳು ಬೇಕಾದವರು ತಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ಕಕ್ಕೆ, ಹೊಂಗೆ, ಬೇವು ಮುಂತಾದ ಮರಗಳ ಸಸಿಗಳಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿಯೂ ಕೇಳಬಹುದು. ಮುಂಗಾರು ಆರಂಭವಾದ ಮೇಲೆ ಬೇಡಿಕೆ ಹೆಚ್ಚುವುದರಿಂದ, ಗುಂಡಿ ತೆಗೆಯುವ ಏಪ್ರಿಲ್ ತಿಂಗಳಲ್ಲಿಯೇ ಬೇಕಾದ ಜಾತಿ ಮತ್ತು ಸಂಖ್ಯೆಯನ್ನು ತಿಳಿಸುವುದು ಅನುಕೂಲಕರ.